ಮಂಚ ಬಿಟ್ಟೇಳಿಸುವ ಚಿಕಿತ್ಸೆ: ಲಕ್ವ ಮತ್ತು ಮನೋರೋಗದ ಪುನಶ್ಚೇತನ ನಡೆದುಬಂದ ದಾರಿ

ಲಕ್ವ ಹೊಡೆದವರ ಮನೆಯಲ್ಲಿ ಇಂದಿಗೂ ಮೊದಲು ಕೇಳಿಬರುವ ಬುದ್ಧಿಮಾತು ‘ಅಲುಗಾಡಿಸಬೇಡಿ, ಮಲಗಿರಲಿ’ ಎಂಬುದು. ಮನೋರೋಗಿಯ ಮನೆಯಲ್ಲಿ ಅದೇ ಮಾತಿಗೆ ಇನ್ನೊಂದು ರೂಪ: ‘ಮಾತ್ರೆ ನುಂಗಿದಾನೆ, ಸುಮ್ಮನೆ ಮಲಗಲಿ ಬಿಡಿ.’ ಹೀಗೆನ್ನುವವರನ್ನು ದೂರುವಂತಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ನಂಬಿತ್ತು. ಆ ನಂಬಿಕೆ ಸಡಿಲಗೊಂಡು ವ್ಯಾಯಾಮವೇ ಚಿಕಿತ್ಸೆಯ ಭಾಗವಾಗಲು ಸುಮಾರು ನೂರು ವರ್ಷ ಹಿಡಿಯಿತು. ಈ ದಾರಿಯಲ್ಲಿ ಎರಡು ಶಾಖೆಗಳು ಒಂದನ್ನೊಂದು ನೋಡದೆ ನಡೆದವು. ಲಕ್ವದ ಚಿಕಿತ್ಸೆ ಕೈಕಾಲನ್ನು ನೋಡಿಕೊಂಡು ಮನಸ್ಸನ್ನು ಮರೆಯಿತು. ಮನೋವೈದ್ಯಕೀಯ ಮನಸ್ಸನ್ನು ನೋಡಿಕೊಂಡು ದೇಹವನ್ನು ಮರೆಯಿತು. ಎರಡೂ ತಂತಮ್ಮ ಪ್ರಯೋಗಗಳಿಂದ ಕಲಿತ ಪಾಠಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೋಲಿಕೆ ಅಚ್ಚರಿ ಹುಟ್ಟಿಸುತ್ತದೆ.

ಮಿದುಳು ಬದಲಾಗದು ಎಂದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನರವಿಜ್ಞಾನದ ದೊಡ್ಡ ಹೆಸರು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್. ಬೆಳೆದ ಮಿದುಳಿನ ನರಮಾರ್ಗಗಳು ಒಮ್ಮೆ ಕಡಿದರೆ ಮತ್ತೆ ಚಿಗುರುವುದಿಲ್ಲ ಎಂಬ ಅವರ ನಿಲುವು ಶಾಸ್ತ್ರದ ಮೇಲೆ ದಶಕಗಳ ಕಾಲ ಅಧಿಕಾರ ನಡೆಸಿತು. ಸತ್ತ ಭಾಗ ಮರಳುವುದಿಲ್ಲವೆಂದಾದರೆ ಉಳಿದದ್ದು ಆರೈಕೆ ಮಾತ್ರ: ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಳ್ಳೆಯ ಕೈಯಲ್ಲಿ ಬದುಕಲು ಕಲಿಸುವುದು. ಇದಕ್ಕೆ ವಿರುದ್ಧವಾದ ಸಾಕ್ಷ್ಯ ಆಗಲೇ ಇತ್ತು. 1917ರಲ್ಲಿ ಅಮೆರಿಕದ ಆಗ್ಡನ್ ಮತ್ತು ಫ್ರಾಂಜ್, ಮಿದುಳಿಗೆ ಪೆಟ್ಟಾಗಿ ಒಂದು ಪಾರ್ಶ್ವ ಸೋತ ಮಂಗಗಳು ಆ ಕೈಯನ್ನು ಬಳಸಲೇಬೇಕಾದ ಸ್ಥಿತಿಗೆ ತಂದರೆ ಚೇತರಿಸಿಕೊಳ್ಳುತ್ತವೆ ಎಂದು ತೋರಿಸಿದ್ದರು. ಆ ವರದಿ ಹೆಚ್ಚುಕಡಿಮೆ ಮೂಲೆ ಸೇರಿತು.

ಲಕ್ವಕ್ಕೆ ವ್ಯವಸ್ಥಿತ ದೈಹಿಕ ಚಿಕಿತ್ಸೆ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ನಾಜಿಗಳಿಂದ ತಪ್ಪಿಸಿಕೊಂಡು ಬರ್ಲಿನ್‌ನಿಂದ ಲಂಡನ್‌ಗೆ ಬಂದಿದ್ದ ಬರ್ಟಾ ಬೋಬಾತ್, 1943ರಲ್ಲಿ ಲಕ್ವ ಹೊಡೆದ ಒಬ್ಬ ಭಾವಚಿತ್ರ ಕಲಾವಿದರನ್ನು ಉಪಚರಿಸುತ್ತ ತಮ್ಮ ವಿಧಾನ ಕಂಡುಕೊಂಡರು. ಪತಿ, ವೈದ್ಯ ಕಾರೆಲ್ ಬೋಬಾತ್ ಅದಕ್ಕೆ ನರಶಾಸ್ತ್ರದ ವಿವರಣೆ ಒದಗಿಸಿದರು. ಬಿಗಿದುಕೊಂಡ ಸ್ನಾಯುವನ್ನು ಮೊದಲು ಸಡಿಲಿಸಬೇಕು, ತಪ್ಪು ಚಲನೆಯನ್ನು ತಡೆಯಬೇಕು, ಸರಿಯಾದುದನ್ನು ಚಿಕಿತ್ಸಕರ ಕೈಯೇ ನಡೆಸಿಕೊಡಬೇಕು ಎಂಬುದು ಅವರ ತತ್ವ. ಅಮೆರಿಕದಲ್ಲಿ ಸ್ವೀಡನ್ ಮೂಲದ ಸಿಗ್ನೆ ಬ್ರುನ್‌ಸ್ಟ್ರಾಮ್ ಬೇರೆಯೇ ಮಾತು ಹೇಳಿದರು. ಚೇತರಿಕೆ ಹಂತಹಂತವಾಗಿ ಬರುತ್ತದೆ. ಇಡೀ ಕೈ ಒಟ್ಟಿಗೆ ಮಡಚಿಕೊಳ್ಳುವ ಒರಟು ಚಲನೆಯೂ ಒಂದು ಮೆಟ್ಟಿಲೇ, ಅದನ್ನು ತಡೆಯದೆ ಬಳಸಿಕೊಳ್ಳಬೇಕು ಎಂದರು. ನಮ್ಮ ಫಿಸಿಯೋಥೆರಪಿ ಕಾಲೇಜುಗಳ ವಿದ್ಯಾರ್ಥಿಗಳು ಈ ಎರಡೂ ಹೆಸರುಗಳನ್ನು ಇವತ್ತಿಗೂ ಕಲಿಯುತ್ತಾರೆ.

ಬೋಬಾತ್ ಪರಂಪರೆ ಒಂದು ಭಯವನ್ನೂ ಬಿಟ್ಟುಹೋಯಿತು: ಬಲವರ್ಧನೆಯ ವ್ಯಾಯಾಮ ಮಾಡಿಸಿದರೆ ಬಿಗಿತ ಹೆಚ್ಚುತ್ತದೆ ಎಂಬ ಭಯ. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಲಕ್ವ ಹೊಡೆದವರ ಸ್ನಾಯುವಿಗೆ ನಿಜವಾಗಿ ಕಡಿಮೆಯಾಗಿದ್ದದ್ದು ಬಲವೇ. 1982ರಲ್ಲಿ ಸಿಡ್ನಿಯ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ ಪ್ರಕಟಿಸಿದ ಪುಸ್ತಕ ದೃಷ್ಟಿಯನ್ನೇ ತಿರುಗಿಸಿತು. ರೋಗಿ ಇಲ್ಲಿ ಕಲಿಯುವವನು. ಕುರ್ಚಿಯಿಂದ ಏಳಲು ಕಲಿಯಬೇಕಾದರೆ ಕುರ್ಚಿಯಿಂದಲೇ ಏಳಬೇಕು, ಲೋಟ ಹಿಡಿಯಲು ಕಲಿಯಬೇಕಾದರೆ ಲೋಟಕ್ಕೇ ಕೈ ಚಾಚಬೇಕು. ಅಲ್ಲಿಯವರೆಗಿನ ಎಷ್ಟೋ ಚಿಕಿತ್ಸೆ ದಡದ ಮೇಲೆ ನಿಲ್ಲಿಸಿ ಈಜು ಕಲಿಸಿದಂತಿತ್ತು.

ಒಳ್ಳೆಯ ಕೈಗೆ ಚೀಲ ತೊಡಿಸಿದ್ದು

ಆಗ್ಡನ್ ಮತ್ತು ಫ್ರಾಂಜ್ ಕಂಡದ್ದನ್ನು ಚಿಕಿತ್ಸೆಯಾಗಿ ಬೆಳೆಸಿದವರು ಎಡ್ವರ್ಡ್ ಟಾಬ್. ತೋಳಿನ ಸಂವೇದನಾ ನರಗಳನ್ನು ಕತ್ತರಿಸಿದ ಮಂಗಗಳು ಆ ತೋಳನ್ನು ಬಳಸುವುದನ್ನೇ ಬಿಡುತ್ತಿದ್ದವು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಮಾತ್ರ ಸೋತದ್ದನ್ನು ಬಳಸುತ್ತಿದ್ದವು. ಆರಂಭದಲ್ಲಿ ಪ್ರಯತ್ನಿಸಿ ಸೋತ ಪ್ರಾಣಿ ಪ್ರಯತ್ನವನ್ನೇ ಕೈಬಿಡುವ ಪಾಠ ಕಲಿತುಬಿಡುತ್ತದೆ ಎಂದು ಟಾಬ್ ವಾದಿಸಿದರು. 1981ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯದ ಮೇಲೆ ಪ್ರಾಣಿಹಿಂಸೆಯ ಮೊಕದ್ದಮೆ ಹೂಡಲಾಯಿತು. ಅದು ಅಮೆರಿಕದ ಪ್ರಾಣಿಹಕ್ಕು ಚಳವಳಿಗೇ ತಿರುವು ಕೊಟ್ಟ ಪ್ರಕರಣ. ಟಾಬ್ ಮುಂದೆ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಇದೇ ತತ್ವವನ್ನು ಮನುಷ್ಯರಿಗೆ ಅನ್ವಯಿಸಿದರು. 1996ರಲ್ಲಿ ರಾಂಡಾಲ್ಫ್ ನೂಡೊ ತಂಡ, ತರಬೇತಿ ಪಡೆದ ಮಂಗಗಳಲ್ಲಿ ಪೆಟ್ಟಾದ ಜಾಗದ ಸುತ್ತಲಿನ ಮಿದುಳು ಕೈಯ ಕೆಲಸಕ್ಕೆ ಉಳಿದುಕೊಳ್ಳುತ್ತದೆ ಎಂದು ತೋರಿಸಿತು. ಮಿದುಳು ಬದಲಾಗದು ಎಂಬ ಹಳೆಯ ನಂಬಿಕೆ ಆ ಹೊತ್ತಿಗೆ ನಿಲ್ಲದಾಗಿತ್ತು.

2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಪ್ರಯೋಗದಲ್ಲಿ, ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದ 222 ಮಂದಿ ಇದ್ದರು. ಒಂದು ಗುಂಪು ಎರಡು ವಾರ ಕಾಲ, ಎಚ್ಚರವಿರುವ ಹೆಚ್ಚಿನ ಹೊತ್ತು ಒಳ್ಳೆಯ ಕೈಗೆ ಚೀಲ ತೊಟ್ಟು ಸೋತ ಕೈಯಲ್ಲೇ ಕೆಲಸ ಮಾಡಿತು. ಒಂದು ವರ್ಷದ ನಂತರವೂ ಅವರ ಕೈಬಳಕೆ ಉಳಿದವರಿಗಿಂತ ಮೇಲಿತ್ತು. ಮಣಿಕಟ್ಟು, ಬೆರಳು ಒಂದಿಷ್ಟಾದರೂ ಆಡುವವರಿಗೆ ಮಾತ್ರ ಇದು ಸಲ್ಲುತ್ತದೆ. ಪೂರ್ತಿ ಸೋತ ಕೈಗೆ ಇನ್ನೂ ಇಷ್ಟು ಖಚಿತವಾದ ದಾರಿಯಿಲ್ಲ.

ಪ್ರಯೋಗಗಳು ಕಲಿಸಿದ ವಿನಯ

ಆಮೇಲೆ ಬಂದ ದೊಡ್ಡ ಪ್ರಯೋಗಗಳು ಉತ್ಸಾಹಕ್ಕೆ ಒಂದೊಂದಾಗಿ ಕಡಿವಾಣ ಹಾಕಿದವು. ‘ಬೇಗ ಎಬ್ಬಿಸಿದಷ್ಟೂ ಒಳ್ಳೆಯದು’ ಎಂಬ ಮಾತನ್ನು ಮೆಲ್ಬರ್ನ್‌ನ ಜೂಲಿ ಬರ್ನ್‌ಹಾರ್ಟ್ ಐದು ದೇಶಗಳ 2,104 ರೋಗಿಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ ತಿರುಗುಬಾಣವಾಯಿತು. 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೊತ್ತು ನಡೆಸಿದವರಲ್ಲಿ ಮೂರು ತಿಂಗಳ ಬಳಿಕ ಚೆನ್ನಾಗಿದ್ದವರು ಶೇ 46. ಸಾಮಾನ್ಯ ಆರೈಕೆಯವರಲ್ಲಿ ಶೇ 50. ಅದೇ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದಾಗ, ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವೇ ಎಬ್ಬಿಸಿದವರ ಸ್ಥಿತಿ ಉತ್ತಮವಾಗಿತ್ತು.

ಯಂತ್ರಗಳ ಕಥೆಯೂ ಹೀಗೆಯೇ. ಸೊಂಟಕ್ಕೆ ಪಟ್ಟಿ ಕಟ್ಟಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪದ್ಧತಿ 1990ರ ದಶಕದಲ್ಲಿ ಬಹಳ ಭರವಸೆ ಹುಟ್ಟಿಸಿತ್ತು. 408 ಮಂದಿಯ ಅಮೆರಿಕನ್ ಪ್ರಯೋಗವೊಂದು 2011ರಲ್ಲಿ ಅದನ್ನು, ಥೆರಪಿಸ್ಟ್ ಮನೆಗೇ ಬಂದು ಮಾಡಿಸುವ ಬಲ ಮತ್ತು ಸಮತೋಲನದ ವ್ಯಾಯಾಮದ ಜೊತೆ ಹೋಲಿಸಿತು. ವರ್ಷದ ಕೊನೆಗೆ ಎರಡೂ ಸಮಸಮ. ಕೈಗೆ ರೋಬಾಟ್ ತರಬೇತಿ ಕೊಟ್ಟ, 770 ರೋಗಿಗಳ ಬ್ರಿಟಿಷ್ ಪ್ರಯೋಗ 2019ರಲ್ಲಿ ಬಂತು. ಕೈಯ ಕೆಲಸದಲ್ಲಿ ರೋಬಾಟ್ ಸಾಮಾನ್ಯ ಚಿಕಿತ್ಸೆಯನ್ನು ಮೀರಿಸಲಿಲ್ಲ.

ಹಾಗಾದರೆ ಖರ್ಚಿಲ್ಲದ ದಾರಿ, ಅಂದರೆ ಮನೆಯವರು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಭಾರತವೇ. ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಪ್ರಯೋಗದಲ್ಲಿ ಮನೆಮಂದಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಡಲಾಯಿತು. 2017ರ ಫಲಿತಾಂಶದಲ್ಲಿ, ಆರು ತಿಂಗಳ ಬಳಿಕ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ 47. ತರಬೇತಿ ಕೊಟ್ಟು ಹೊಣೆಯನ್ನು ಮನೆಗೆ ಕಳಿಸಿದರೆ ಸಾಲದು ಎಂದಾಯಿತು.

ಇಷ್ಟರ ನಡುವೆ ಗಟ್ಟಿಯಾಗಿ ನಿಂತದ್ದು ನಾರ್ವೆಯ ಟ್ರಾನ್‌ಹೈಮ್‌ನಂಥ ಕಡೆ ರೂಪುಗೊಂಡ ಲಕ್ವ ಘಟಕ. ವೈದ್ಯರು, ನರ್ಸ್, ಫಿಸಿಯೋಥೆರಪಿಸ್ಟ್, ಮಾತಿನ ಚಿಕಿತ್ಸಕರು ಒಂದೇ ವಾರ್ಡಿನಲ್ಲಿ ತಂಡವಾಗಿ ಕೆಲಸ ಮಾಡಿದರೆ ಬದುಕುಳಿದು ಸ್ವಾವಲಂಬಿಗಳಾಗಿ ಮನೆಗೆ ಮರಳುವವರ ಸಂಖ್ಯೆ ಹೆಚ್ಚುತ್ತದೆ. ಹತ್ತಾರು ಪ್ರಯೋಗಗಳು ಇದನ್ನು ಒಪ್ಪುತ್ತವೆ.

ಹೊಲದ ಕೆಲಸದಿಂದ ಯೋಗಶಾಲೆಗೆ

ಮನೋರೋಗದ ಕಡೆ ಕಥೆ ಇನ್ನೂ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕ್ವೇಕರ್ ಪಂಥದವರು ತೆರೆದ ‘ರಿಟ್ರೀಟ್’ ಸರಪಳಿಯ ಬದಲು ತೋಟ, ನಡಿಗೆ, ಕೆಲಸಗಳನ್ನು ಕೊಟ್ಟಿತು. 1920ರ ದಶಕದಲ್ಲಿ ಜರ್ಮನಿಯ ಹರ್ಮನ್ ಸೈಮನ್, ಮಂಚಕ್ಕೆ ಅಂಟಿಸಿದರೆ ರೋಗ ಇನ್ನಷ್ಟು ಬಲಿಯುತ್ತದೆಂದು ಕಂಡು ಪ್ರತಿ ರೋಗಿಗೂ ಕೈಲಾದ ಕೆಲಸ ಹಚ್ಚಿದರು. ಈ ಆದರ್ಶ ಎಷ್ಟೋ ಆಸ್ಪತ್ರೆಗಳಲ್ಲಿ ಸಂಬಳವಿಲ್ಲದ ದುಡಿಮೆಯಾಗಿ ಕೆಟ್ಟದ್ದೂ ನಿಜ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮಾತ್ರೆ ಬಂದ ಮೇಲೆ ರೋಗಿಗಳು ಮನೆಗೆ ಮರಳುವಂತಾಯಿತು. ದೇಹದ ಚಟುವಟಿಕೆಯ ಮಾತು ಹಿಂದೆ ಸರಿಯಿತು.

ಅದು ಮತ್ತೆ ಮುಂದೆ ಬಂದದ್ದು ಖಿನ್ನತೆಯ ಮೂಲಕ. ನಾರ್ವೆಯ ಏಗಿಲ್ ಮಾರ್ಟಿನ್‌ಸನ್ 1985ರಲ್ಲಿ ಆಸ್ಪತ್ರೆ ಸೇರಿದ ಖಿನ್ನತೆಯ ರೋಗಿಗಳಿಗೆ ಏರೋಬಿಕ್ ವ್ಯಾಯಾಮದ ಲಾಭವನ್ನು ತೋರಿಸಿದರು. 1999ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್, ಐವತ್ತು ದಾಟಿದ 156 ಮಂದಿಯಲ್ಲಿ ವ್ಯಾಯಾಮವನ್ನು ಸರ್ಟ್ರಲಿನ್ ಮಾತ್ರೆಯ ಎದುರು ನಿಲ್ಲಿಸಿದರು. ಮಾತ್ರೆ ಬೇಗ ಕೆಲಸ ಮಾಡಿತು. ಹದಿನಾರು ವಾರಕ್ಕೆ ಎರಡೂ ಸರಿಸಮ. ಹತ್ತು ತಿಂಗಳ ಬಳಿಕ ನೋಡಿದಾಗ, ವ್ಯಾಯಾಮದಿಂದ ಗುಣವಾಗಿದ್ದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಇಲ್ಲೂ ಕಡಿವಾಣ ಬಂತು. 2012ರಲ್ಲಿ 361 ಮಂದಿಯ ಬ್ರಿಟಿಷ್ ಪ್ರಯೋಗವೊಂದು ವ್ಯಾಯಾಮಕ್ಕೆ ಸಲಹೆ, ಪ್ರೋತ್ಸಾಹಗಳನ್ನು ಕೊಟ್ಟು ನೋಡಿತು. ಜನ ಹೆಚ್ಚು ಓಡಾಡಿದರು, ಖಿನ್ನತೆ ಮಾತ್ರ ಕಡಿಮೆಯಾಗಲಿಲ್ಲ. 2024ರಲ್ಲಿ 218 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ನಡಿಗೆ, ಓಟ, ಯೋಗ, ಬಲವರ್ಧನೆಗಳಿಗೆ ಒಳ್ಳೆಯ ಅಂಕ ಕೊಟ್ಟಿತು. ಎಷ್ಟೋ ಅಧ್ಯಯನಗಳ ಗುಣಮಟ್ಟ ದುರ್ಬಲವೆಂದೂ ಎಚ್ಚರಿಸಿತು.

ಸ್ಕಿಜೋಫ್ರೀನಿಯಾದ ವಿಷಯದಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಹಳೆಯ ಮಾನಸಿಕ ಆಸ್ಪತ್ರೆಯ ನೆಲೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 61 ರೋಗಿಗಳು ಮಾತ್ರೆ ಮುಂದುವರಿಸುತ್ತಲೇ ನಾಲ್ಕು ತಿಂಗಳು ಯೋಗ ಅಥವಾ ದೈಹಿಕ ವ್ಯಾಯಾಮ ಮಾಡಿದರು. ಎರಡೂ ಗುಂಪು ಸುಧಾರಿಸಿತು. ಯೋಗದ ಗುಂಪು ಹೆಚ್ಚು. ಉತ್ಸಾಹ ಕುಂದುವುದು, ಜನರಿಂದ ದೂರ ಸರಿಯುವುದು ಮೊದಲಾದ, ಮಾತ್ರೆಗೆ ಸುಲಭವಾಗಿ ಬಗ್ಗದ ಲಕ್ಷಣಗಳಲ್ಲಿ ಈ ಸುಧಾರಣೆ ಕಂಡದ್ದು ಗಮನಾರ್ಹ. 2010ರಲ್ಲಿ ಜರ್ಮನಿಯ ಸಣ್ಣ ಅಧ್ಯಯನವೊಂದು, ಮೂರು ತಿಂಗಳ ಸೈಕಲ್ ವ್ಯಾಯಾಮದಿಂದ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗ ಶೇ 12ರಷ್ಟು ಬೆಳೆಯಿತು ಎಂದು ವರದಿ ಮಾಡಿತು. ಮುಂದಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಬದಲಾವಣೆ ಕಾಣಲಿಲ್ಲ.

ಮಿದುಳಿನ ಗಾತ್ರಕ್ಕಿಂತ ಹೃದಯದ ಲೆಕ್ಕ ಇಲ್ಲಿ ಮುಖ್ಯ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಬೇಗ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು ಹೃದ್ರೋಗ, ಸಕ್ಕರೆ ಕಾಯಿಲೆಯಂಥವುಗಳದು. ತೂಕ ಹೆಚ್ಚಿಸುವ ಮಾತ್ರೆಗಳು, ಬೀಡಿ ಸಿಗರೇಟು, ಕೂತಲ್ಲೇ ಕೂರುವ ದಿನಚರಿ ಎಲ್ಲವೂ ಸೇರಿ ದೇಹವನ್ನು ತಿನ್ನುತ್ತವೆ. ಅವರಿಗೆ ವ್ಯಾಯಾಮ ಆಯುಸ್ಸಿನ ಪ್ರಶ್ನೆ.

ಎರಡು ದಾರಿ ಕೂಡುವಲ್ಲಿ

ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಖಿನ್ನರಾದವರು ವ್ಯಾಯಾಮಕ್ಕೆ ಏಳುವುದಿಲ್ಲ; ‘ಹಟಮಾರಿ, ಸೋಮಾರಿ’ ಎಂದು ಮನೆಯವರು ಬೈಯುತ್ತಾರೆ. ಖಿನ್ನತೆಯ ಮಾತ್ರೆ ಫ್ಲುಯೊಕ್ಸೆಟಿನ್ ಕೈಕಾಲಿಗೂ ಬಲ ತರಬಹುದು ಎಂದು 2011ರಲ್ಲಿ 118 ರೋಗಿಗಳ ಫ್ರೆಂಚ್ ಪ್ರಯೋಗ ಹೇಳಿತ್ತು. ಬ್ರಿಟನ್ನಿನಲ್ಲಿ 3,127 ಮಂದಿಯಲ್ಲಿ ನೋಡಿದಾಗ, 2018ರಲ್ಲಿ ಆ ಆಸೆ ಕರಗಿತು. ಮನಸ್ಸು ಮತ್ತು ದೇಹವನ್ನು ಒಂದೇ ಮಾತ್ರೆಯಲ್ಲಿ ಕೂಡಿಸುವ ಅಡ್ಡದಾರಿ ಸಿಗಲಿಲ್ಲ.

ಎರಡೂ ಶಾಖೆಗಳ ಪ್ರಯೋಗಗಳು ಬೇರೆಬೇರೆಯಾಗಿ ಒಂದೇ ಕಡೆಗೆ ಬೆರಳು ತೋರುತ್ತವೆ. ಬದುಕಿಗೆ ಬೇಕಾದ ಕೆಲಸವನ್ನೇ ಮತ್ತೆಮತ್ತೆ ಮಾಡಿಸಬೇಕು. ಪ್ರಮಾಣ ರೋಗಿಯ ಸ್ಥಿತಿಗೆ ಹೊಂದಬೇಕು. ತಿಂಗಳುಗಟ್ಟಲೆ ಜೊತೆಗಿದ್ದು ಮಾಡಿಸುವ ತರಬೇತಾದ ಮನುಷ್ಯ ಬೇಕು. ಬರೀ ಸಲಹೆ ಸೋತಿದೆ, ಬರೀ ಯಂತ್ರ ಸೋತಿದೆ, ಬರೀ ಮನೆಮಂದಿಯ ಮೇಲೆ ಹೊರಿಸಿದ್ದೂ ಸೋತಿದೆ.

ಕರ್ನಾಟಕದಲ್ಲಿ ಇದಕ್ಕೆ ನೆಲೆ ಸಿದ್ಧವಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಲಕ್ವವೂ ಇದೆ. ಮನೋರೋಗಿಗಳಿಗೆ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ. ಹಗಲು ಕೇಂದ್ರಕ್ಕೆ ಬರುವವರ ಸೊಂಟದ ಸುತ್ತಳತೆ, ರಕ್ತದೊತ್ತಡ ಅಳೆದು ನಡಿಗೆ ಕಲಿಸುವ ಫಿಸಿಯೋಥೆರಪಿಸ್ಟ್ ಒಬ್ಬರು, ಲಕ್ವದ ರೋಗಿಯನ್ನು ನಡೆಸುವ ಮುನ್ನ ‘ಮನಸ್ಸು ಹೇಗಿದೆ’ ಎಂದು ಕೇಳಬಲ್ಲ ಆಪ್ತಸಮಾಲೋಚಕರೊಬ್ಬರು ಇದ್ದರೆ ಎರಡೂ ಶಾಖೆಗಳ ಹಳೆಯ ಮರೆವು ಅರ್ಧ ತೀರುತ್ತದೆ. ಜಿಲ್ಲಾಸ್ಪತ್ರೆಯ ಮುಂದಿನ ಬಜೆಟ್ಟಿನಲ್ಲಿ ರೋಬಾಟ್ ಕೊಳ್ಳುವುದೋ, ಇಂಥ ಹುದ್ದೆ ತುಂಬುವುದೋ ಎಂಬ ಪ್ರಶ್ನೆ ಬಂದರೆ ಉತ್ತರಕ್ಕೆ ಬೇಕಾದ ಪುರಾವೆ ಈಗಾಗಲೇ ಇದೆ: ಹುದ್ದೆಯನ್ನೇ ತುಂಬಬೇಕು.