ರೂಟರ್ ಜೋಡಣೆ ಯಂತ್ರ: ಮನೆಯ ಮರಗೆಲಸಕ್ಕೆ ಯಾವುದು ಸೂಕ್ತ?

ಹೊಸಪೇಟೆ: ಹಂಪಿಯ ರಾಜಪರಿಸರದಲ್ಲಿ ಅರಸರ ಆಸ್ಥಾನ ಮಂಟಪವೆಂದು ಗುರುತಿಸಲಾದ ಕಟ್ಟೆಯ ಮೇಲೆ 100 ಮರದ ಕಂಬಗಳನ್ನು ನಿಲ್ಲಿಸಿದ್ದ ಕಲ್ಲಿನ ಕುಳಿಗಳು ಇಂದಿಗೂ ಕಾಣಸಿಗುತ್ತವೆ. ಕಂಬಗಳು ಉಳಿದಿಲ್ಲ. ಕುಳಿಯಲ್ಲಿ ತುದಿಯನ್ನು ಕೂರಿಸುವ ಇದೇ ಬಗೆಯ ವಿದ್ಯೆಯನ್ನು ಬಾಗಿಲು, ಕಿಟಕಿ, ಮಂಚಗಳಿಗೆ ಬಡಗಿಗಳು ಉಳಿ, ಕೊಡತಿಗಳಿಂದ ನಡೆಸಿಕೊಂಡು ಬಂದಿದ್ದಾರೆ. ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಮನೆಯ ಹಿಂಬದಿಯಲ್ಲಿ ಮರಗೆಲಸ ಆರಂಭಿಸುವ ಹವ್ಯಾಸಿಗೆ ಆ ಕೈಪಳಗಿನ ಬದಲು ರೂಟರ್ ಆಧಾರಿತ ಯಂತ್ರ ನೆರವಾಗಬಲ್ಲದು. ಆದರೆ ದುಬಾರಿ ಯಂತ್ರ ಕೊಂಡ ಮಾತ್ರಕ್ಕೆ ಜೋಡಣೆ ಬಿಗಿಯಾಗುವುದಿಲ್ಲ.

ಮೊದಲು ನಿರ್ಧರಿಸಬೇಕಾದುದು ಯಂತ್ರವಲ್ಲ, ಜೋಡಣೆ. ಪೆಟ್ಟಿಗೆ, ಡ್ರಾಯರ್‌ಗಳೇ ಹೆಚ್ಚಾಗಿದ್ದರೆ ಪಾರಿವಾಳದ ಬಾಲದ ಆಕಾರದ ಡವ್‌ಟೇಲ್ ಕೊರೆಯುವ ಸರಳ ಜಿಗ್ ಸಾಕು. ಕುರ್ಚಿ, ಮೇಜು, ಕಿಟಕಿ ಚೌಕಟ್ಟುಗಳಿಗೆ ರಂಧ್ರ ಮತ್ತು ತುದಿಯ, ಅಂದರೆ ಮಾರ್ಟೈಸ್-ಟೆನನ್ ಜೋಡಣೆ ಬೇಕು. ಕೆನಡಾದ ಲೀ ಕಂಪನಿಯ ಎಫ್‌ಎಂಟಿ ಇದಕ್ಕೆಂದೇ ರೂಪುಗೊಂಡ ಜಿಗ್. ಪ್ಯಾಂಟೋರೂಟರ್ ಅಚ್ಚಿನ ಆಕಾರವನ್ನು ಅರ್ಧಕ್ಕೆ ಇಳಿಸಿ ಮರದ ಮೇಲೆ ಮೂಡಿಸುವುದರಿಂದ ಅಚ್ಚಿನ ಸಣ್ಣ ದೋಷವೂ ಅರ್ಧವಾಗುತ್ತದೆ. ಬ್ರಿಟನ್ ಮೂಲದ ವುಡ್‌ರ್‍ಯಾಟ್ ಗೋಡೆಗೆ ಬಿಗಿಯುವಂಥದು. ಹಲವು ಬಗೆಯ ಜೋಡಣೆಗಳನ್ನು ಮಾಡುತ್ತದೆ, ಆದರೆ ಕಲಿಯಲು ತಾಳ್ಮೆ ಬೇಕು.

ಇವುಗಳಿಗೆ ರೂಟರ್ ಪ್ರತ್ಯೇಕವಾಗಿ ಬೇಕು ಎಂಬುದನ್ನು ಖರೀದಿದಾರರು ಮರೆಯುವುದುಂಟು. ಕೆಲವು ಜಿಗ್‌ಗಳು ಒತ್ತಿ ಇಳಿಸುವ ಪ್ಲಂಜ್ ರೂಟರನ್ನು ಬಯಸಿದರೆ, ಕೆಲವು ಮೋಟಾರನ್ನಷ್ಟೇ ಹಿಡಿಯುತ್ತವೆ. ಅಮೆರಿಕದಿಂದ ತರಿಸಿದ 120 ವೋಲ್ಟ್ ರೂಟರ್ ನಮ್ಮ 230 ವೋಲ್ಟ್‌ಗೆ ನೇರವಾಗಿ ಸೇರದು. ಬಿಟ್ ಹಿಡಿಯುವ ಕಾಲೆಟ್‌ನಲ್ಲಿ ಇನ್ನೂ ಸೂಕ್ಷ್ಮ ತೊಡಕಿದೆ: 12 ಮಿ.ಮೀ. ಮತ್ತು ಅರ್ಧ ಇಂಚು ಒಂದೇ ಅಲ್ಲ. ಅರ್ಧ ಇಂಚೆಂದರೆ 12.7 ಮಿ.ಮೀ. ಅಂಗಡಿಯಲ್ಲಿ ಎರಡನ್ನೂ 'ಅರ್ಧ ಇಂಚು' ಎಂದು ಕೊಟ್ಟರೆ ಒಪ್ಪಬಾರದು. ದೊಡ್ಡ ಕಾಲೆಟ್‌ನಲ್ಲಿ ಸಣ್ಣ ಬಿಟ್ ಜಾರಿದರೆ, ನಿಮಿಷಕ್ಕೆ 20 ಸಾವಿರ ಸುತ್ತು ತಿರುಗುವ ಉಕ್ಕು ಕೈಯ ಸಮೀಪದಿಂದ ಸಿಡಿಯುತ್ತದೆ.

ವೇಗ ಬದಲಿಸಬಲ್ಲ ರೂಟರ್‌ಗೆ ಕೊಂಚ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ, ದಪ್ಪ ಬಿಟ್‌ಗಳನ್ನು ನಿಧಾನವಾಗಿಯೇ ತಿರುಗಿಸಬೇಕು. ಮರವನ್ನು ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಸಾಗಿಸಬೇಕು. ಜೊತೆಯಲ್ಲೇ ತಳ್ಳಿದರೆ ಬಿಟ್ ಮರವನ್ನು ಸೆಳೆದುಕೊಂಡುಬಿಡುತ್ತದೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡುವುದು ಕಡ್ಡಾಯ. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಮುಖಗವಸು, ಕಿವಿಮುಚ್ಚಳ, ಧೂಳು ಹೀರುವ ಕೊಳವೆಗೆ ಜಾಗವಿರುವ ಯಂತ್ರವೇ ಸೂಕ್ತ.

ಬೇಸಿಗೆಯಲ್ಲಿ 40 ಡಿಗ್ರಿ ತಲುಪುವ ಈ ಭಾಗದಲ್ಲಿ ಹಸಿ ಸಾಗವಾನಿ, ಬೇವು ಬೇಗ ಕುಗ್ಗುತ್ತವೆ. ಯಂತ್ರ ಎಷ್ಟೇ ನಿಖರವಾಗಿದ್ದರೂ ಸಂದು ಬಿಡುತ್ತದೆ. ಕೊಂಡ ಮರವನ್ನು ಕೆಲಸದ ಕೋಣೆಯಲ್ಲೇ ಕೆಲವು ವಾರ ಒಣಗಿಸಿ, ಮೊದಲು ಚೂರು ಮರದ ಮೇಲೆ ಕೊರೆದು ಅಳತೆ ಹೊಂದಿಸಿಕೊಂಡ ಬಳಿಕವೇ ಒಳ್ಳೆಯ ಹಲಗೆಯನ್ನು ಯಂತ್ರಕ್ಕೆ ಕೊಡುವುದು ಲೇಸು.