ಹಣ್ಣಿನ ನೊಣದ ಘ್ರಾಣಶಕ್ತಿ ಮತ್ತು ನ್ಯೂರೋಪೆಪ್ಟೈಡ್‌ಗಳು

ನರಕೋಶಗಳು ಸ್ರವಿಸುವ ಅಮೈನೊ ಆಮ್ಲಗಳ ಕಿರುಸರಪಣಿಗಳೇ ನ್ಯೂರೋಪೆಪ್ಟೈಡ್‌ಗಳು. ಹಣ್ಣಿನ ನೊಣ ಡ್ರಾಸೊಫಿಲ ಮೆಲನೊಗ್ಯಾಸ್ಟರ್‌ನಲ್ಲಿ ಇವು ಹಸಿವಿಗೆ ತಕ್ಕಂತೆ ಮೂಗಿನ ಚುರುಕನ್ನು ಏರಿಳಿಸುತ್ತವೆ. ಹೊಟ್ಟೆ ತುಂಬಿದ ನೊಣ ಲೆಕ್ಕಿಸದ ವಾಸನೆಯನ್ನು ಹಸಿದ ನೊಣ ಹುಡುಕಿಕೊಂಡು ಹೋಗುತ್ತದೆ.

ತಲಕಾಡು, ತಿ. ನರಸೀಪುರದ ಕಡೆ ಮನೆಯಲ್ಲಿಟ್ಟ ಬಾಳೆಗೊನೆ ಕಳಿತು ಸಿಪ್ಪೆ ಕಪ್ಪಾಗುತ್ತಿದ್ದಂತೆ ಅದನ್ನು ಮುತ್ತುವ, ಎಳ್ಳುಕಾಳಿನಷ್ಟೇ ದೊಡ್ಡ ಕೆಂಗಣ್ಣಿನ ನೊಣಗಳು ಈ ಡ್ರಾಸೊಫಿಲ ಬಳಗದವು. ಮಾವಿನಕಾಯಿಗೆ ಮೊಟ್ಟೆಯಿಟ್ಟು ಬೆಳೆ ಕೆಡಿಸುವ ಹಣ್ಣುನೊಣದ ಕುಟುಂಬವೇ ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು. ಡ್ರಾಸೊಫಿಲಕ್ಕೆ ಮುಖ್ಯವಾಗಿ ಬೇಕಾದದ್ದು ಕೊಳೆತ ಹಣ್ಣಿನಲ್ಲಿ ಬೆಳೆಯುವ ಯೀಸ್ಟ್. ನಂಜನಗೂಡಿನ ರಸಬಾಳೆಯಾಗಲಿ, ಪಚ್ಚಬಾಳೆಯಾಗಲಿ, ಹುದುಗುವಾಗ ಬರುವ ವಿನೆಗರ್‌ನಂಥ ಹುಳಿವಾಸನೆ ಅದನ್ನು ಸೆಳೆಯುತ್ತದೆ. ತೋಟದಲ್ಲಿ ನೊಣ ಹಿಡಿಯುವ ಸಂಶೋಧಕರು ಬಾಳೆಹಣ್ಣು ಹಿಸುಕಿ, ಯೀಸ್ಟ್ ಉದುರಿಸಿ, ಬಾಟಲಿಯಲ್ಲಿಟ್ಟು ಕೊಂಬೆಗೆ ಕಟ್ಟುವುದು ಇದಕ್ಕೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ.

ನೊಣದ ಮೂಗೆಂದರೆ ಅದರ ಕುಡಿಮೀಸೆ ಮತ್ತು ಬಾಯಿಯ ಬಳಿಯ ಸ್ಪರ್ಶಾಂಗ. ಒಂದೊಂದು ಬದಿಗೆ ಸುಮಾರು 1,300 ಘ್ರಾಣ ನರಕೋಶಗಳಿವೆ. ಒಂದೇ ಬಗೆಯ ಗ್ರಾಹಕವಿರುವ ಕೋಶಗಳ ಎಳೆಗಳೆಲ್ಲ ಮಿದುಳಿನ ಒಂದೇ ಗೋಲಕ್ಕೆ ಬಂದು ಸೇರುತ್ತವೆ. ಇಂಥ ಗೋಲಗಳು ಸುಮಾರು 50. ಹಸಿವಿನ ಕೈವಾಡ ನಡೆಯುವುದು ಈ ಮೊದಲ ನಿಲ್ದಾಣದಲ್ಲೇ.

ಇದನ್ನು 2011ರಲ್ಲಿ ತೋರಿಸಿಕೊಟ್ಟದ್ದು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಿಂಗ್ ವಾಂಗ್ ಅವರ ತಂಡ. ಉಪವಾಸದಲ್ಲಿ ಇನ್ಸುಲಿನ್ ಸಂಕೇತ ಇಳಿಯುತ್ತದೆ. ಅದು ಇಳಿದೊಡನೆ ಘ್ರಾಣಕೋಶಗಳಲ್ಲಿ ಎಸ್‌ಎನ್‌ಪಿಎಫ್ ಎಂಬ ಪೆಪ್ಟೈಡಿನ ಗ್ರಾಹಕ ಹೆಚ್ಚುತ್ತದೆ. ಕೋಶ ತಾನೇ ಸ್ರವಿಸಿದ ಪೆಪ್ಟೈಡ್ ತನ್ನ ತುದಿಗೇ ತಾಗಿ ಮುಂದಿನ ನರಕೋಶಕ್ಕೆ ಹೋಗುವ ಸುದ್ದಿಯನ್ನು ಬಲಪಡಿಸುತ್ತದೆ. ವಿನೆಗರ್‌ನತ್ತ ಸೆಳೆಯುವ ಓಆರ್42ಬಿ ಕೋಶಗಳಲ್ಲಿ ಈ ಗ್ರಾಹಕವನ್ನು ಅಡಗಿಸಿದರೆ ಹಸಿದ ನೊಣವೂ ಉಂಡ ನೊಣದಂತೆ ನಡೆದುಕೊಳ್ಳುತ್ತದೆ. ಉಂಡ ನೊಣದಲ್ಲಿ ಅದನ್ನು ಹೆಚ್ಚಿಸಿದರೆ ಹಸಿದಂತೆ ಆಹಾರ ಹುಡುಕುತ್ತದೆ. ಹಸಿವೆಂಬ ಇಡೀ ದೇಹದ ಸ್ಥಿತಿಯನ್ನು ಒಂದೇ ಜಾತಿಯ ಕೋಶಗಳಲ್ಲಿ ಕೈಯಿಟ್ಟು ತೋರಿಸಿದ್ದು ಈ ಪ್ರಯೋಗದ ದೊಡ್ಡತನ.

ಕತೆಗೆ ಇನ್ನೊಂದು ಮಗ್ಗುಲಿದೆ. ವಿನೆಗರ್ ತೀರಾ ಗಾಢವಾದರೆ ಓಆರ್85ಎ ಕೋಶಗಳು ಎಚ್ಚೆತ್ತು ನೊಣವನ್ನು ದೂರ ಸರಿಸುತ್ತವೆ. ಹಸಿವಿನಲ್ಲಿ ಟ್ಯಾಕಿಕೈನಿನ್ ಎಂಬ ಪೆಪ್ಟೈಡ್ ಈ ಹಾದಿಯನ್ನು ತಗ್ಗಿಸುತ್ತದೆಂದು ಅದೇ ತಂಡ 2015ರಲ್ಲಿ ಕಂಡುಕೊಂಡಿತು. ಒಂದು ಪೆಪ್ಟೈಡ್ ಆಸೆಯನ್ನು ಏರಿಸಿದರೆ ಇನ್ನೊಂದು ಅಳುಕನ್ನು ಇಳಿಸುತ್ತದೆ. ಸಸ್ತನಿಗಳ 'ಸಬ್‌ಸ್ಟನ್ಸ್ ಪಿ' ಕೂಡ ಟ್ಯಾಕಿಕೈನಿನ್ ಮನೆತನದ್ದೇ.

ಇಂಥ ಪ್ರಯೋಗಗಳಿಗೆ ನೆಲ ಹದಮಾಡಿದವರಲ್ಲಿ ಒಬೇದ್ ಸಿದ್ದೀಕಿ ಮತ್ತು ವೆರೋನಿಕಾ ರೊಡ್ರಿಗಸ್ ಪ್ರಮುಖರು. ನೊಣದ ಘ್ರಾಣದ ಚರಿತ್ರೆ ಬರೆಯುವವರು ಇವರಿಂದಲೇ ಶುರುಮಾಡಬೇಕು. 1970ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರು ಕವಲೊಡೆದ ಗಾಜಿನ ಕೊಳವೆಯೊಳಗೆ ನೊಣಗಳನ್ನು ಬಿಟ್ಟು, ಒಂದು ಕವಲಿಗೆ ವಾಸನೆ, ಇನ್ನೊಂದಕ್ಕೆ ಬರಿಯ ಗಾಳಿ ಹಾಯಿಸಿ, ಎತ್ತ ಎಷ್ಟು ಹೋದವೆಂದು ಎಣಿಸುತ್ತಿದ್ದರು. ವಾಸನೆ ಹಿಡಿಯಲಾರದ ರೂಪಾಂತರಿತ ತಳಿಗಳು ಹೀಗೆ ದೊರೆತವು. ಮುಂದೆ ಸಿದ್ದೀಕಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿದರು. ರೊಡ್ರಿಗಸ್ ಕೂಡ ಅಲ್ಲಿಗೆ ಬಂದು 2010ರಲ್ಲಿ ತೀರಿಕೊಳ್ಳುವವರೆಗೂ ಘ್ರಾಣವ್ಯೂಹದ ಬೆಳವಣಿಗೆಯನ್ನು ಅಭ್ಯಸಿಸಿದರು.

ಪೆಪ್ಟೈಡ್‌ಗಳ ಹಿಡಿತ ಹಸಿವಿಗಷ್ಟೇ ಸೀಮಿತವಲ್ಲ. ಹೆಣ್ಣುನೊಣ ಕೂಡಿದ ಮೇಲೆ ಎಮ್‌ಐಪಿ ಪೆಪ್ಟೈಡ್ ಮತ್ತು ಅದರ ಗ್ರಾಹಕ ಅದರ ಘ್ರಾಣ, ರುಚಿಯ ಕೋಶಗಳನ್ನು ಮಾರ್ಪಡಿಸುವುದರಿಂದ, ಮೊಟ್ಟೆಗೆ ಬೇಕಾದ ಪಾಲಿಅಮೈನ್‌ಗಳಿರುವ ಆಹಾರದತ್ತ ಅದು ಹೆಚ್ಚು ವಾಲುತ್ತದೆ.