ಕಾಮಾಲೆ ತಂದ ಸುಳಿವು

ಸಂಧಿವಾತದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಕತೆಯಿದು. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ರೋಗಿಯೊಬ್ಬ, ಕಾಮಾಲೆ ಬಂದಮೇಲೆ ತನ್ನ ಕೀಲುನೋವು ಇಳಿದುಹೋಯಿತು ಅಂದ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ! ಕೀಲುರೋಗಗಳ ವೈದ್ಯ ಫಿಲಿಪ್ ಹೆಂಚ್ ಮಾತ್ರ ಅದರ ಬೆನ್ನು ಹತ್ತಿದ. ಬಸುರಿಯರಲ್ಲೂ ನೋವು ಇಳಿಯುವುದನ್ನು ಗಮನಿಸಿದ. ದೇಹವೇ ಏನೋ ಮದ್ದು ತಯಾರಿಸುತ್ತಿದೆ ಎಂಬ ಗುಮಾನಿ ಅವನದು.

1948ರಲ್ಲಿ, ಸಹೋದ್ಯೋಗಿ ಕೆಂಡಾಲ್ ಅಡ್ರಿನಲ್ ಗ್ರಂಥಿಯಲ್ಲಿ ಪತ್ತೆಹಚ್ಚಿದ್ದ ಕಾರ್ಟಿಸೋನನ್ನು ಹೆಣ್ಣುಮಗಳೊಬ್ಬಳಿಗೆ ಚುಚ್ಚಿದರು. ನಡೆಯಲು ಒದ್ದಾಡುತ್ತಿದ್ದವಳು ಕೆಲವೇ ದಿನಗಳಲ್ಲಿ ಆರಾಮಾಗಿ ಓಡಾಡಿದಳು. 1950ರಲ್ಲಿ ಇಬ್ಬರಿಗೂ, ಜೊತೆಗೆ ರೈಕ್‌ಸ್ಟೈನ್‌ಗೂ ನೊಬೆಲ್ ಬಂತು.

ಆದರೆ ಮದ್ದು ನಿಲ್ಲಿಸಿದರೆ ನೋವು ವಾಪಸ್ಸು; ಮುಂದುವರಿಸಿದರೆ ಮುಖ ಊದಿ, ಮೂಳೆ ಸವೆಯುತ್ತಿತ್ತು. ಅದಕ್ಕೇ ಇವತ್ತಿಗೂ ವೈದ್ಯರು ಸ್ಟೀರಾಯ್ಡನ್ನು ಅಳೆದು ತೂಗಿ ಕೊಡುತ್ತಾರೆ.

ರೋಗಿಯ ಮಾತು ಕೇಳುವ ವ್ಯವಧಾನ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು ಅನ್ನಿಸುತ್ತೆ ನನಗೆ. ನೀವೇನಂತೀರಿ?